ದೂಪದಡಿಯ ಬೆಂಕಿ ಸಾಲ

ಶಿವರಾತ್ರಿ ಕಳೆದು ಸೆಕೆ ಏರತೊಡಗಿತ್ತು. ಬಿಜೂರಿನ ಬಯಲಿನಲ್ಲಿ ಉದ್ದು ಕೀಳುವ ಕೆಲಸ. ಬಿಸಿಲಾದ ಮೇಲೆ ಕಿತ್ತರೆ ಕೋಡು ಸಿಡಿದು ಕಾಳು ಮಣ್ಣುಪಾಲಾಗುತ್ತದೆ; ಅದಕ್ಕೆ ಹೆಂಗಸರು ಇಬ್ಬನಿ ಇರುವಾಗಲೇ ಗದ್ದೆಗೆ ಇಳಿದು, ಬಳ್ಳಿ ಸಮೇತ ಕಿತ್ತು, ಹೊರೆ ಕಟ್ಟಿ ಅಂಗಳಕ್ಕೆ ತಂದು ಹಾಕುತ್ತಿದ್ದರು.

ಅಂಗಳದ ಇನ್ನೊಂದು ಬದಿಯಲ್ಲಿ ಅಣ್ಣಯ್ಯ ಗಾಡಿಗೆ ಸಾಮಾನು ಹೇರುತ್ತಿದ್ದ. ಉಪ್ಪಿನ ಚೀಲಗಳು ಅಡಿಗೆ, ಒಣಮೀನಿನ ಕಟ್ಟುಗಳು ಮೇಲೆ, ಗಾಡಿಯ ಹಿಂಬದಿಗೆ ಎತ್ತುಗಳ ಬೈಹುಲ್ಲು. ಅದು ಎರಡನೇ ಮಹಾಯುದ್ಧದ ಕಾಲ. ಪೆಟ್ರೋಲು ಸಿಗದೆ ಲಾರಿಗಳು ನಿಂತ ಮೇಲೆ ಘಟ್ಟದ ಮೇಲಿನವರಿಗೆ ಉಪ್ಪು, ಮೀನು ಮುಟ್ಟಿಸುವ ಕೆಲಸ ಮತ್ತೆ ಎತ್ತಿನ ಗಾಡಿಯವರ ಪಾಲಿಗೇ ಬಂದಿತ್ತು. ಅಣ್ಣಯ್ಯನಿಗೂ ಅವನ ಭಾವ ಸೂರನಿಗೂ ಬೇಸಗೆಯಿಡೀ ಅದೇ ದುಡಿಮೆ. ಸೂರ ಎಂದರೆ ಅಣ್ಣಯ್ಯನ ಹೆಂಡತಿ ಅಕ್ಕುವಿನ ಅಣ್ಣ. ಅಣ್ಣಯ್ಯನ ಗಾಡಿ ಇವತ್ತು ಹೊರಟರೆ ಸೂರನದು ಅದೇ ದಾರಿಯಲ್ಲಿ ಮರುದಿನ ಹೊರಡುವುದು ವಾಡಿಕೆ.

ಅಕ್ಕು ಉದ್ದಿನ ಹೊರೆ ಇಳಿಸಿ, ಸೆರಗಿನಲ್ಲಿ ಮುಖ ಒರೆಸಿಕೊಂಡು ಬಂದಳು. ಅವಲಕ್ಕಿಯ ಗಂಟನ್ನು ಗಾಡಿಯ ಕಮಾನಿಗೆ ಕಟ್ಟುತ್ತಾ, “ಹ್ವಾಯ್, ಕೇಳಿದ್ರ್ಯಾ? ಈ ಸಲ ದೂಪದಡಿಯಂಗೆ ಒಲಿ ಹಾಕೂಕಿಲ್ಲ ಅಂಬ್ರ್. ಫಾರೆಸ್ಟ್ ಗಾರ್ಡ್ ಎಲ್ಲರಿಗೂ ಹೇಳಿದ್ನಂಬ್ರ್,” ಎಂದಳು.

“ಒಲಿ ಹಾಕ್ದೆ ಎಂತ, ಉಪ್ಪ್ ನೆಕ್ಕಿ ಘಟ್ಟ ಹತ್ತೂದಾ?” ಎಂದ ಅಣ್ಣಯ್ಯ.

ಅಕ್ಕು ನಕ್ಕಳು. ಆಮೇಲೆ ನಗು ನಿಲ್ಲಿಸಿ, ಹೇಳಿದ್ದನ್ನು ಒಮ್ಮೆ ಕೇಳಿ ಕಾಣಿ, ಹಿಂದಿನಿಂದ ಅಣ್ಣನೂ ಬರುವವನಿದ್ದಾನೆ ಎಂದಳು. ಅಣ್ಣ ಎಂಬ ಮಾತು ಕಿವಿಗೆ ಬಿದ್ದದ್ದೇ ಅಣ್ಣಯ್ಯನ ಮುಖ ಗಂಟಾಯಿತು. ಅದಕ್ಕೊಂದು ಕಾರಣವಿತ್ತು.

ದೂಪದಡಿ ಎಂದರೆ ಅಮಾಸೆಬೈಲಿನಿಂದ ಮುಂದೆ, ಘಟ್ಟದ ಬುಡದಲ್ಲಿ ಗಾಡಿ ಬಿಡುವ ಜಾಗ. ತೋಳಿಗೆ ಸಿಗದಷ್ಟು ದಪ್ಪದ, ಅಂಟು ಒಸರುವ ದೂಪದ ಮರಗಳು, ಅವುಗಳ ನೆರಳು, ಪಕ್ಕದಲ್ಲಿ ಬೇಸಗೆಗೂ ಬತ್ತದ ನೀರಿನ ತೋಡು. ಏರು ಹತ್ತುವ ಮೊದಲು ಎತ್ತುಗಳು ಅಲ್ಲಿ ಮಲಗಿ ಮೆಲುಕು ಹಾಕುತ್ತಿದ್ದವು, ಗಾಡಿಯವರು ಅನ್ನ ಬೇಯಿಸಿಕೊಳ್ಳುತ್ತಿದ್ದರು. ಮರಗಳ ಬುಡದಲ್ಲೆಲ್ಲ ಮೂರು ಕಲ್ಲಿನ ಒಲೆಗಳು. ಇಂಥ ಒಲೆ ಇಂಥವರದು ಎಂದು ಎಲ್ಲರಿಗೂ ಗೊತ್ತು.

ಬೆಂಕಿಪೆಟ್ಟಿಗೆ ದುಡ್ಡು ಕೊಟ್ಟರೂ ಸಿಗದ ದಿನಗಳು. ಹಾಗಾಗಿ ಆ ಒಲೆಗಳಿಗೆ ಒಂದು ಕಟ್ಟಳೆ ಇತ್ತು. ಉಂಡು ಹೊರಡುವವನು ಕೆಂಡವನ್ನು ಬೂದಿಯಲ್ಲಿ ಹುಗಿದು, ಮೇಲೆ ಭತ್ತದ ಉಮಿ ಸುರಿದು, ಅದರ ಮೇಲೆ ಮಣ್ಣು ಎಳೆದು ಹೋಗಬೇಕು. ಹಿಂದಿನಿಂದ ಬಂದವನು ಕೆದಕಿ, ಊದಿ, ತನ್ನ ಒಲೆ ಹಚ್ಚಿಕೊಳ್ಳುತ್ತಾನೆ. ಅವನು ಹೊರಡುವಾಗ ತನ್ನ ಹಿಂದಿನವನಿಗೆ ಹಾಗೆಯೇ ಬಿಟ್ಟು ಹೋಗುತ್ತಾನೆ. ಬೆಂಕಿ ಸಾಲ ಎಂದು ಇದಕ್ಕೆ ಹೆಸರು. ಕೆಂಡ ಬಿಡದೆ ಹೋದವನನ್ನು ‘ಒಲೆ ಕೊಂದವ’ ಎನ್ನುತ್ತಿದ್ದರು. ಗಾಡಿಯವರಲ್ಲಿ ಅದಕ್ಕಿಂತ ಕೀಳಾದ ಬೈಗುಳ ಇರಲಿಲ್ಲ.

ಹಿಂದಿನ ಬೇಸಗೆಯಲ್ಲಿ ಆ ಹೆಸರು ಅಣ್ಣಯ್ಯನಿಗೆ ಬಿದ್ದಿತ್ತು. ಅವನು ಕೆಂಡ ಹುಗಿದು ಹೋದ ಮೇಲೆ ಅಕಾಲದ ಮಳೆ ಹೊಯ್ದು ಒಲೆಯೆಲ್ಲ ಕೆಸರಾಯಿತು. ಮರುದಿನ ಬಂದ ಸೂರ ಒಣ ಅವಲಕ್ಕಿ ಜಗಿದು ಘಟ್ಟ ಹತ್ತಿದ. ಅದನ್ನು ಅಲ್ಲಿಗೇ ಬಿಡಲಿಲ್ಲ. ನೆಂಟರ ಮನೆಯ ಮದುವೆಯಲ್ಲಿ, ಎಲೆಗೆ ಪಾಯಸ ಬೀಳುವ ಹೊತ್ತಿಗೆ, ಪಂಕ್ತಿಗೆಲ್ಲ ಕೇಳುವಂತೆ ಹೇಳಿ ನಗಾಡಿಸಿದ. ಅಂದಿನಿಂದ ಅಣ್ಣಯ್ಯ ಬೀಡಿ ಬಾಯಿಗಿಟ್ಟರೆ ಸಾಕು, ಪಕ್ಕದವರು ‘ಬೆಂಕಿ ಇತ್ತಾ, ಕೊಂದ್ಯಾ?’ ಎಂದು ಕೇಳುವುದು ಶುರುವಾಗಿತ್ತು. ಮಳೆ ಬಂದಿತ್ತು ಎಂದು ಹೇಳಿದರೆ ಕೇಳುವವರು ಯಾರು? ಈ ಸಲ ಸೂರನಿಗೆ ಕೆಂಡ ಬಿಟ್ಟೇ ಬಿಡಬೇಕು, ಅದೂ ಅವನ ಕೈ ಸುಡುವಂಥ ಕೆಂಡ, ಎಂದು ಅಣ್ಣಯ್ಯ ಒಳಗೊಳಗೇ ಹಠ ಕಟ್ಟಿದ್ದ.

ಮರುದಿನ ದೂಪದಡಿ ಮುಟ್ಟುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಅಲ್ಲಿ ಗಂಜಿ ಮಾರುವ ಸುಂದರಿಯ ಗುಡಿಸಲು ತೋಡಿನ ದಡದಲ್ಲಿತ್ತು. ಗಂಡ ಸತ್ತ ಮೇಲೆ ಆ ಗುಡಿಸಲೇ ಅವಳ ಮನೆ, ಅಂಗಡಿ ಎಲ್ಲವೂ. ಸುತ್ತ ಒಂದು ತರಗೆಲೆ ಇಲ್ಲದಂತೆ ಗುಡಿಸಿ ಸಗಣಿ ಸಾರಿಸಿದ್ದಳು. ಗುಡಿಸಲ ಮುಂದೆ, ನೀರಿಗೆ ಹತ್ತಿರ, ಕೆಂಪುಕಲ್ಲು ಕಟ್ಟಿ ಮಣ್ಣು ಮೆತ್ತಿದ ಉದ್ದನೆಯ ಒಲೆಯೊಂದು ಹೊಸತಾಗಿ ಎದ್ದಿತ್ತು. ಅದರ ಬದಿಯಲ್ಲಿ ಫಾರೆಸ್ಟ್ ಗಾರ್ಡು ಗುಣಪಾಲ ಕೂತು ಗಂಜಿ ಕುಡಿಯುತ್ತಿದ್ದ. ಬಾರ್ಕೂರು ಕಡೆಯವನು, ಮೆದು ಮಾತಿನವನು.

ಗುಣಪಾಲ ಅಣ್ಣಯ್ಯನನ್ನು ಕರೆದು ಕೂರಿಸಿ ವಿಷಯ ಹೇಳಿದ. ಶಿವರಾತ್ರಿಯಿಂದ ಮೊದಲ ಮಳೆ ಬೀಳುವವರೆಗೆ ದೂಪದಡಿಯಲ್ಲಿ ಮರದ ಬುಡದ ಒಲೆ ಯಾರೂ ಹಚ್ಚಬಾರದು. ಅಡಿಗೆ ಮಾಡುವವರು ಈ ಕಟ್ಟಿದ ಒಲೆಯಲ್ಲೇ ಮಾಡಬೇಕು. ಬೆಂಕಿಪೆಟ್ಟಿಗೆ ಬೇಡ, ಇಲ್ಲಿ ಬೆಂಕಿ ಆರದಂತೆ ಸುಂದರಿ ನೋಡಿಕೊಳ್ಳುತ್ತಾಳೆ. ಕೆಂಡ ಹುಗಿದು ಹೋಗುವುದಂತೂ ಕೂಡದು.

ಅಣ್ಣಯ್ಯ ಎಲ್ಲ ಕೇಳಿದ. ಕೇಳಿ, ತನ್ನ ಅಜ್ಜನೂ ಇಲ್ಲೇ ಕೆಂಡ ಹುಗಿದವನು, ಅಪ್ಪನೂ ಹುಗಿದವನು, ಆಗ ಹೊತ್ತದ ಕಾಡು ಈಗ ಹೊತ್ತುತ್ತದೆಯೋ ಎಂದ.

“ಹೊತ್ತಿರ್ಲಿಲ್ಲ ಅಂದೇಳಿ ಯಾರ್ ಹೇಳಿದ್ ನಿಂಗೆ?” ಎಂದ ಗುಣಪಾಲ. “ಎದ್ರ್ ಗುಡ್ಡಿ ಬೋಳ್ ಆದದ್ದ್ ಹೆಂಗೆ ಅಂದೇಳಿ ನಿನ್ನ ಅಜ್ಜನ್ನೇ ಕೇಳ್ಕಿತ್ತ್.”

“ಬಿಟ್ಟ್ ಹೋದ್ರೆ ಹೊತ್ತೂದ್ ಸಮ. ಮಣ್ಣ್ ಮುಚ್ಚಿ ಹೋದ್ದ್ ಹೊತ್ತುತ್ತಾ?”

ಅದಕ್ಕೆ ಸುಂದರಿ ಉತ್ತರ ಕೊಟ್ಟಳು. ಸೌಟು ಕೆಳಗಿಟ್ಟು, “ರಾತ್ರಿ ನೀನ್ ಕಂಬಳಿ ಹೊದ್ರೆ ಸತ್ತ್ ಹೋತ್ಯಾ ಅಣ್ಣಯ್ಯ? ಬೆಚ್ಚಗೆ ಮಲಗ್ತೆ. ಬೆಂಕಿಯೂ ಹಾಂಗೆ. ಮಣ್ಣ್ ಅದ್ಕೆ ಕಂಬಳಿ. ನೀರ್ ಹೊಯ್ಯೂದೊಂದೇ ದಾರಿ. ಹೊಯ್ದ್, ಕಲ್ಸಿ, ಮತ್ತೆ ಹೊಯ್ದ್, ಕೈ ಇಟ್ಟ್ ಕಾಣ್ಕ್. ತಣ್ಣಗಿದ್ರೆ ಮಾತ್ರ ಸತ್ತಿತ್ ಅಂತ ಲೆಕ್ಕ,” ಎಂದಳು.

ಅಣ್ಣಯ್ಯ ನಕ್ಕ. ಬೆಂಕಿಗೆ ಕಂಬಳಿ ಹೊದೆಸುವ ಹೆಂಗಸು ನೀನೊಬ್ಬಳೇ ಎಂದ. ಆದರೆ ಜಗಳ ಬೇಡವೆಂದು ಆ ಹೊಸ ಒಲೆಯಲ್ಲೇ ಅನ್ನ ಬೇಯಿಸಿ, ಒಣಮೀನು ಸುಟ್ಟು ಉಂಡ. ಗುಣಪಾಲ ಗಂಜಿ ಮುಗಿಸಿ ಕೋಲು ಹಿಡಿದು ಗುಡ್ಡದ ದಾರಿ ಹಿಡಿದ.

ಬಿಸಿಲು ಇಳಿದು ಗಾಡಿ ಕಟ್ಟುವ ಹೊತ್ತಿಗೆ ಅಣ್ಣಯ್ಯನ ಕಣ್ಣು ತನ್ನ ಹಳೆಯ ಒಲೆಯ ಕಡೆ ಹೋಯಿತು. ಹಿಂದೆ ಗಾಳಿಗೆ ಬಿದ್ದ ದೂಪದ ಮರದ ಮೋಟಿನ ಪಕ್ಕದಲ್ಲಿತ್ತು ಅದು. ಅದರಾಚೆಗೆ ಸೂರ ಗಾಡಿ ಬಿಡುವ ಜಾಗ, ಎತ್ತು ಕಟ್ಟುವ ಮರ. ನಾಳೆ ಸೂರ ಬರುತ್ತಾನೆ. ಒಲೆ ಕೆದಕುತ್ತಾನೆ. ಮಣ್ಣು, ಬೂದಿ, ಅಷ್ಟೆ. ಗಾರ್ಡು ಬೇಡ ಎಂದ ಎಂದರೆ ಸೂರ ಕೇಳಿಯಾನೇ? ಮಳೆಯ ಮೇಲೆ ಹಾಕಿದವನು ಈ ಸಲ ಗಾರ್ಡಿನ ಮೇಲೆ ಹಾಕಿದ ಎಂದು ಇನ್ನೊಂದು ಪಂಕ್ತಿಯಲ್ಲಿ ಹೇಳಿ ನಗಾಡಿಸುತ್ತಾನೆ.

ಸುಂದರಿ ಪಾತ್ರೆ ತೊಳೆಯಲು ತೋಡಿಗೆ ಇಳಿದಿದ್ದಳು. ಅಣ್ಣಯ್ಯ ಒಂದು ಒಡೆದ ಹಂಚಿನ ಮೇಲೆ ಕೆಂಡ ತುಂಬಿಕೊಂಡು ಹೋಗಿ ತನ್ನ ಮೂರು ಕಲ್ಲಿನ ನಡುವೆ ಸುರಿದ. ಬೂದಿ ಎಳೆದ. ಉಮಿ ಸುರಿದ. ಮಣ್ಣು ಮುಚ್ಚಿದ. ಅಂಗೈಯಲ್ಲಿ ತಟ್ಟಿ ತಟ್ಟಿ ಗಟ್ಟಿ ಮಾಡಿದ. ಅಜಾಗ್ರತೆಯ ಮನುಷ್ಯ ಅಲ್ಲ ಅವನು. ಮಣ್ಣಿನ ಮೇಲೆ ಒಂದು ಬೊಗಸೆ ನೀರನ್ನೂ ಚಿಮುಕಿಸಿದ. ಹೊಗೆ ಬರಲಿಲ್ಲ. ಇದಕ್ಕಿಂತ ಚೆನ್ನಾಗಿ ಯಾರೂ ಹುಗಿಯಲಾರರು ಅನಿಸಿತು. ಏರು ಹತ್ತುವಾಗ ಎತ್ತುಗಳ ಬಾಲ ಮುಟ್ಟದೆ, ಕೋಲು ಎತ್ತದೆ, ಭಾವನ ಮುಖ ನಾಳೆ ಹೇಗಾದೀತು ಎಂದು ನೆನೆಸಿಕೊಂಡು ಹಾಡು ಗುನುಗುತ್ತಾ ಹೋದ.

ಘಟ್ಟದ ಮೇಲೆ ಸಾಮಾನು ಇಳಿಸಿ, ಎತ್ತುಗಳಿಗೆ ಒಂದು ಹಗಲು ವಿಶ್ರಾಂತಿ ಕೊಟ್ಟು, ಬರಿಗಾಡಿ ಹೊಡೆದುಕೊಂಡು ಅವನು ಇಳಿಯತೊಡಗಿದ. ಸೂರ ಏರಿನಲ್ಲಿ ಎದುರಾಗಬೇಕಿತ್ತು, ಆಗಲಿಲ್ಲ. ತಡವಾಗಿ ಹೊರಟಿರಬೇಕು ಎಂದುಕೊಂಡ.

ಕೊನೆಯ ತಿರುವಿನಲ್ಲಿ ಎತ್ತುಗಳು ನಿಂತುಬಿಟ್ಟವು. ಹೊಡೆದರೂ ಮುಂದೆ ಹೋಗಲಿಲ್ಲ, ಮೂಗು ಎತ್ತಿ ಉಸಿರು ಎಳೆದವು. ಆಮೇಲೆ ಅಣ್ಣಯ್ಯನ ಮೂಗಿಗೂ ಬಂತು. ದೂಪದ ವಾಸನೆ. ಮನೆಯ ಪೂಜೆಯಲ್ಲಿ ಕೆಂಡದ ಮೇಲೆ ದೂಪ ಹಾಕಿದಾಗ ಬರುವ ಅದೇ ವಾಸನೆ. ಆದರೆ ಇಷ್ಟು ದಟ್ಟವಾಗಿ, ಉಸಿರು ಕಟ್ಟುವಷ್ಟು, ಅವನು ಎಂದೂ ಮೂಸಿದವನಲ್ಲ. ಅದರ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು. ಸುಟ್ಟ ಕೂದಲಿನದು.

ಗಾಡಿಯನ್ನು ಅಲ್ಲೇ ಬಿಟ್ಟು ಓಡಿದ.

ದೂಪದಡಿ ಕಪ್ಪಾಗಿತ್ತು. ನೆಲ ಕಪ್ಪು, ತರಗೆಲೆ ಇದ್ದಲ್ಲಿ ಬೂದಿ, ಮರಗಳ ಮೇಲಿನ ಎಲೆಗಳು ಬೆಂದು ಮುದುಡಿ ನೇತಾಡುತ್ತಿದ್ದವು. ಕಾಂಡಗಳ ಮೇಲೆ ಅಂಟು ಉರಿದು ಹರಿದ ಕರಿಯ ಗೆರೆಗಳು. ಅಲ್ಲಲ್ಲಿ ಇನ್ನೂ ಸಣ್ಣಗೆ ಹೊಗೆ ಏಳುತ್ತಿತ್ತು. ಹಕ್ಕಿಯ ಸದ್ದಿಲ್ಲ. ಸೂರ ಗಾಡಿ ಬಿಡುವ ಜಾಗದಲ್ಲಿ ಗಾಡಿ ಇರಲಿಲ್ಲ. ಎರಡು ಕಬ್ಬಿಣದ ಪಟ್ಟಿಗಳು, ಚಕ್ರಕ್ಕೆ ಬಿಗಿದವು, ದೊಡ್ಡ ಬಳೆಗಳ ಹಾಗೆ ನೆಲದ ಮೇಲೆ ಬಿದ್ದಿದ್ದವು. ಅವುಗಳ ನಡುವೆ ಮಸಿ ಹಿಡಿದ ಉಪ್ಪಿನ ರಾಶಿ.

ಮರದ ಬುಡದಲ್ಲಿ ಹಸಿ ಸೊಪ್ಪು ಮುಚ್ಚಿದ ಏನೋ ಒಂದು ಇತ್ತು. ಸೊಪ್ಪಿನಿಂದ ಹೊರಗೆ ಗೊರಸು ಕಾಣುತ್ತಿತ್ತು. ಕೊರಳ ಕಡೆ ಕಪ್ಪಾದ ಹಿತ್ತಾಳೆಯ ಗಂಟೆ. ಅಣ್ಣನ ಎತ್ತಿಗೆಂದು ಅಕ್ಕು ಕೊಡಿಸಿದ ಗಂಟೆ ಅದು. ಸೂರನ ಎತ್ತು ಕರಿಯ. ಅಣ್ಣಯ್ಯ ಕೂತುಬಿಟ್ಟ. ಕೂತದ್ದು ಅವನಿಗೇ ತಿಳಿಯಲಿಲ್ಲ. ಅಂಗೈಗೆ ಬೂದಿಯ ಬಿಸಿ ತಾಗಿದಾಗ ತಿಳಿಯಿತು.

ಸುಂದರಿಯ ಗುಡಿಸಲು ಮಾತ್ರ ಉಳಿದಿತ್ತು. ಬೆಂಕಿ ಅವಳು ಗುಡಿಸಿದ ಅಂಗಳದ ಗೆರೆಯವರೆಗೆ ಬಂದು, ತಿನ್ನಲು ಏನೂ ಸಿಗದೆ ನಿಂತಿತ್ತು. ಒಳಗೆ ಚಾಪೆಯ ಮೇಲೆ ಸೂರ ಮಲಗಿದ್ದ. ಎರಡೂ ಕೈಗಳಿಗೆ ತೆಂಗಿನೆಣ್ಣೆ ಸವರಿ ಬಾಳೆಯ ಎಳೆ ಎಲೆ ಸುತ್ತಿದ್ದರು. ಹುಬ್ಬಿನ ಕೂದಲು ಇರಲಿಲ್ಲ. ಹುಬ್ಬಿಲ್ಲದ ಆ ಮುಖವನ್ನು ಅಣ್ಣಯ್ಯ ಗುರುತು ಹಿಡಿಯದೆ ಒಂದು ಗಳಿಗೆ ನಿಂತ.

“ಭಾವ, ಬಂದ್ಯಾ,” ಎಂದ ಸೂರ. ದನಿ ಒಣಗಿತ್ತು. “ನಿನ್ನ ಬೈದೆ ಮಾರಾಯ. ಒಲಿ ಕೆದ್ಕಿ ಕಂಡ್ರೆ ಬರೀ ಬೂದಿ. ಈ ಸಲವೂ ಕೊಂದ್ ಹೋದ ಅಂದೇಳಿ ಸುಂದ್ರಿ ಎದ್ರಿಗೆ ನೆಗಾಡ್ದೆ. ಅವ್ಳ್ ಒಲಿಯಂಗೇ ಉಂಡ್ಕಂಡ್ ಮಲ್ಗಿದೆ.”

ಬರೀ ಬೂದಿ. ಅಣ್ಣಯ್ಯ ಹಂಚು ತುಂಬ ಕೆಂಡ ಹಾಕಿದ್ದ. ಮಳೆ ಬಂದಿರಲಿಲ್ಲ. ಹಾಗಾದರೆ ಆ ಕೆಂಡ ಎಲ್ಲಿ ಹೋಯಿತು?

ಸೂರ ಬಿಟ್ಟು ಬಿಟ್ಟು ಹೇಳಿದ್ದಿಷ್ಟು. ಮಧ್ಯಾಹ್ನದ ಮೇಲೆ ಕಡಲ ಗಾಳಿ ಎದ್ದಿತ್ತು. ಕಣ್ಣು ಬಿಡುವಾಗ ಗಾಡಿಯ ಬೈಹುಲ್ಲು ಉರಿಯುತ್ತಿತ್ತು. ಎಲ್ಲಿಂದ ಬಂತು ಎಂದು ಕಾಣಲಿಲ್ಲ, ನೆಲದಿಂದಲೇ ಎದ್ದ ಹಾಗೆ ಇತ್ತು. ಒಂದು ಎತ್ತು ಹಗ್ಗ ಹರಿದುಕೊಂಡು ತೋಡಿಗೆ ಹಾರಿತು. ಕರಿಯನ ಹಗ್ಗ ಬಿಗಿದಿತ್ತು. ಬಿಚ್ಚಲು ಹೋದ. ಹಗ್ಗಕ್ಕೇ ಬೆಂಕಿ ಹಿಡಿದಿತ್ತು. ಸುಂದರಿ ಕಾಲು ಹಿಡಿದು ಎಳೆಯದಿದ್ದರೆ ತಾನೂ ಅಲ್ಲೇ.

ಹೊರಗೆ ಮಾತು ಜೋರಾಯಿತು. ಸುದ್ದಿ ಕೇಳಿ ಬಂದ ಗಾಡಿಯವರು ಗುಡಿಸಲ ಮುಂದೆ ನಿಂತಿದ್ದರು. ಅವರಲ್ಲಿ ಪಾಂಡು ಎಂಬವನದೇ ದೊಡ್ಡ ದನಿ. ಅವನು ಹೇಳುತ್ತಿದ್ದದ್ದು ಒಂದೇ ಮಾತು. ದೂಪದಡಿಯಲ್ಲಿ ಆ ದಿನ ಬೆಂಕಿ ಇದ್ದದ್ದು ಸುಂದರಿಯ ಒಲೆಯಲ್ಲಿ ಮಾತ್ರ. ಉಳಿದ ಒಲೆಗಳನ್ನೆಲ್ಲ ಗಾರ್ಡೇ ನಿಲ್ಲಿಸಿದ್ದ. ಕಿಡಿ ಹಾರಿದ್ದರೆ ಇಲ್ಲಿಂದಲೇ ಹಾರಬೇಕು. ಈ ಹೆಂಗಸು ಇಲ್ಲಿಂದ ಏಳಬೇಕು, ಅವಳ ಗುಡಿಸಲು ಏಳಬೇಕು, ನಮ್ಮ ಹಿಂದಿನ ಕ್ರಮವೇ ವಾಸಿ.

ಸುಂದರಿಗೂ ಅದೇ ಹೆದರಿಕೆ ಹೊಕ್ಕಿತ್ತು. ಒಂದು ಕಿಡಿ ತನ್ನ ಕಣ್ಣು ತಪ್ಪಿಸಿ ಹಾರಿತೋ ಏನೋ. ಮಣ್ಣಿನ ಮಡಕೆಗಳನ್ನು ಒಂದರೊಳಗೊಂದು ಇಟ್ಟು ಹಳೆಯ ಸೀರೆಯಲ್ಲಿ ಕಟ್ಟುತ್ತಿದ್ದಳು.

ಅಷ್ಟರಲ್ಲಿ ಗುಣಪಾಲ ದೂರದಿಂದ ಕೂಗಿ ಕರೆದ. ಅವನು ಬೆಳಗಿನಿಂದ ಕೋಲು ಹಿಡಿದು ಸುಟ್ಟ ನೆಲ ಕೆದಕುತ್ತಿದ್ದ. ಎಲ್ಲರೂ ಹೋದರು. ಅಣ್ಣಯ್ಯನೂ ಹೋದ.

ಸೂರ ಗಾಡಿ ಬಿಟ್ಟಿದ್ದ ಜಾಗದ ಪಕ್ಕದಲ್ಲೇ ನೆಲದಲ್ಲಿ ಒಂದು ತೂತು ಇತ್ತು. ಇಲಿಯ ಬಿಲದ ಹಾಗೆ. ಗುಣಪಾಲ ಕೋಲು ತೂರಿಸಿದ. ಕೋಲು ಹೋಯಿತು, ಮತ್ತೂ ಹೋಯಿತು, ಹಿಡಿದ ಕೈಯೂ ಮೊಣಕೈವರೆಗೆ ಒಳಗೆ ಹೋಯಿತು. ಹೊರಗೆ ತೆಗೆದಾಗ ಅಂಗಿಯ ತೋಳೆಲ್ಲ ಬಿಳಿಬೂದಿ. ಅವನು ಮೇಲಿನ ಮಣ್ಣನ್ನು ಕೋಲಿನಿಂದ ಒಡೆಯುತ್ತಾ ನಡೆದ. ಮಣ್ಣು ಕುಸಿದಲ್ಲೆಲ್ಲ ಅಡಿಯಲ್ಲಿ ಟೊಳ್ಳು. ದೂಪದ ಬೇರು ಇದ್ದ ಜಾಗ ಅದು. ಬೇರು ಇರಲಿಲ್ಲ, ಬೇರಿನ ಆಕಾರದ ಬೂದಿಯ ಕೊಳವೆ ಇತ್ತು. ಅದು ಸುಂದರಿಯ ಒಲೆಯ ಕಡೆ ತಿರುಗಲೇ ಇಲ್ಲ. ನೆಟ್ಟಗೆ ಹೋಗಿ ಮೋಟಿನ ಬುಡಕ್ಕೆ ಮುಟ್ಟಿತು. ಮೋಟಿನಿಂದ ಪಕ್ಕಕ್ಕೆ ತಿರುಗಿ ಮೂರು ಕಲ್ಲುಗಳ ನಡುವೆ ನಿಂತಿತು.

“ಮಣ್ಣ್ ಮುಚ್ಚಿದ್ದ್ ಬೆಂಕಿಗೆ ಸಾಯೂಕೆ ಬಿಡ್ಲಿಲ್ಲ,” ಎಂದ ಗುಣಪಾಲ. “ಮೇಲೆ ಬಪ್ಪೂಕೆ ದಾರಿ ಇಲ್ಲ ಅಂದೇಳಿ ಅಡಿಗೆ ಹೋಯ್ತ್. ಒಣ ಬೇರ್, ಅದ್ರಂಗೆ ಅಂಟ್ ಬೇರೆ. ತಿಂತಾ ತಿಂತಾ ಬಂದ್ ಹುಲ್ಲಿನ ಬುಡದಂಗೆ ತಲಿ ಎತ್ತಿತ್. ಇದ್ ಯಾರ್ ಒಲಿ?”

ಎಲ್ಲರಿಗೂ ಗೊತ್ತಿತ್ತು ಅದು ಯಾರ ಒಲೆ ಎಂದು. ಆದರೆ ಈ ವರ್ಷ ಅದನ್ನು ಹಚ್ಚಿದವರಿಲ್ಲ ಎಂದೂ ಗೊತ್ತಿತ್ತು.

ಅಣ್ಣಯ್ಯ ಆ ಕೊಳವೆಯನ್ನೇ ನೋಡುತ್ತಿದ್ದ. ಇಷ್ಟು ಹೊತ್ತು ಅವನ ತಲೆಯಲ್ಲಿ ಬೇರೆ ಬೇರೆಯಾಗಿ ನಿಂತಿದ್ದ ಸಂಗತಿಗಳು, ಬರೀ ಬೂದಿ, ನೆಲದಿಂದಲೇ ಎದ್ದ ಬೆಂಕಿ, ಹುಬ್ಬಿಲ್ಲದ ಮುಖ, ಎಲ್ಲ ಒಮ್ಮೆಗೇ ಕೂಡಿಕೊಂಡವು. ತಟ್ಟಿ ತಟ್ಟಿ ಮಣ್ಣು ಗಟ್ಟಿ ಮಾಡಿದ ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡ. ತಾನು ಘಟ್ಟ ಹತ್ತುತ್ತಾ ಹಾಡು ಗುನುಗುವಾಗ ಅದು ಇಲ್ಲಿ, ನೆಲದಡಿ, ಕತ್ತಲೆಯಲ್ಲಿ, ಕರಿಯನನ್ನು ಹುಡುಕಿಕೊಂಡು ನಡೆಯುತ್ತಿತ್ತು.

ಸುಮ್ಮನಿದ್ದರೆ ಆಗುತ್ತಿತ್ತು. ಕೆಂಡ ಸುರಿದದ್ದನ್ನು ಕಂಡವರಿಲ್ಲ. ಗುಡಿಸಲ ಕಡೆ ನೋಡಿದ. ಸುಂದರಿ ಮಡಕೆಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

“ನಂದ್,” ಎಂದ ಅಣ್ಣಯ್ಯ. “ಸುಂದ್ರಿ ತೋಡಿಗ್ ಹೋದಾಗ ಅವ್ಳ್ ಒಲಿಯಿಂದ ಕೆಂಡ ತಂದ್ ನಾನೇ ಹುಗ್ದದ್ದ್. ಅವ್ಳಿಗೆ ಗೊತ್ತಿಲ್ಲ.”

ಗುಣಪಾಲ ಕೂಗಾಡಲಿಲ್ಲ. ಕೋಲನ್ನು ನೆಲಕ್ಕೆ ಊರಿ, ಒಳಗೆ ಮಲಗಿದವನಿಗೆ ನೀನೇ ಹೋಗಿ ಹೇಳು ಎಂದಷ್ಟೇ ಹೇಳಿದ.

ಗುಡಿಸಲಿನ ಬಾಗಿಲಿಗೆ ತಲೆ ತಗ್ಗಿಸಿ ಒಳಹೋಗುವುದು ಅಣ್ಣಯ್ಯನಿಗೆ ಘಟ್ಟ ಹತ್ತಿದಷ್ಟಾಯಿತು. ಚಾಪೆಯ ಬದಿಯಲ್ಲಿ ಕುಕ್ಕರು ಕೂತ. “ನಾನ್ ಒಲಿ ಕೊಂದಿರ್ಲಿಲ್ಲ ಭಾವ,” ಎಂದ. “ಕೊಂದಿದ್ರೆ ಕರಿಯ ಬದುಕ್ತಿದ್ದ.”

ಸೂರನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನು ಬೈಯಲಿಲ್ಲ. ಬೈದಿದ್ದರೆ ಅಣ್ಣಯ್ಯನಿಗೆ ಉಸಿರಾಡಲು ಆಗುತ್ತಿತ್ತು. ಎಲೆ ಸುತ್ತಿದ ತನ್ನ ಕೈಗಳನ್ನು ಎತ್ತಿ ನೋಡಿದ, ಇಳಿಸಿದ, ಗೋಡೆಯ ಕಡೆ ಮುಖ ಮಾಡಿ ಮಲಗಿದ. ಗೋಡೆಗೇ ಹೇಳುವಂತೆ, “ನಾನ್ ಅಷ್ಟೊಂದ್ ನೆಗಾಡ್ಬಾರ್ದಿತ್ತ್ ಕಾಣ್,” ಎಂದ.

ಅಣ್ಣಯ್ಯ ಅವನನ್ನು ತನ್ನ ಬರಿಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿ, ಉಳಿದ ಎತ್ತನ್ನು ಹಿಂದೆ ಕಟ್ಟಿ, ಮೆಲ್ಲಗೆ ಊರಿಗೆ ತಂದ. ಹೊರಡುವ ಮೊದಲು ಪಾಂಡುವೂ ಉಳಿದವರೂ ಸೇರಿ ಸುಂದರಿಯ ಮಡಕೆಯ ಗಂಟು ಬಿಚ್ಚಿಸಿದರು. ತೋಡಿನಿಂದ ನೀರು ಹೊತ್ತು, ಮೋಟಿನ ಬುಡದ ಕೊಳವೆಗೆ ಸುರಿದರು. ಎಷ್ಟು ಸುರಿದರೂ ಅದು ಬುಸ್ಸೆಂದು ಹಬೆ ಉಗುಳುತ್ತಲೇ ಇತ್ತು. ಇಷ್ಟು ದಿನದ ಮೇಲೂ ಅದು ಒಳಗೆ ಜೀವಂತ ಇತ್ತು. ತಾವು ವರ್ಷವರ್ಷವೂ ಹುಗಿದು ಹೋದ ಕೆಂಡಗಳು ಎಲ್ಲೆಲ್ಲಿಗೆ ನಡೆದಿದ್ದವೋ ಎಂಬ ಯೋಚನೆ ಗಾಡಿಯವರಿಗೆ ಆಗ ಬಂತು.

ಬಿಜೂರಿನ ಅಂಗಳದಲ್ಲಿ ಉದ್ದಿನ ಬಳ್ಳಿ ಒಣಗಿ, ಬಡಿಯುವ ಕೆಲಸ ನಡೆದಿತ್ತು. ಅಕ್ಕು ಗಾಡಿಯಲ್ಲಿ ಮಲಗಿದ್ದವನನ್ನು ನೋಡಿದಳು, ಗಂಡನ ಮುಖ ನೋಡಿದಳು. ಅಣ್ಣಯ್ಯ ಎಲ್ಲ ಹೇಳಿದ, ಒಂದನ್ನೂ ಮುಚ್ಚಲಿಲ್ಲ. ಅವಳು ಅಳಲಿಲ್ಲ. ಬಡಿಗೆಯನ್ನು ಅಲ್ಲೇ ಬಿಟ್ಟು ಮನೆಯ ಹಿಂದಕ್ಕೆ ಹೋಗಿ, ಸಂಜೆಗೆಂದು ತಾನು ಉಮಿಯಲ್ಲಿ ಹುಗಿದಿಟ್ಟಿದ್ದ ಕೆಂಡವನ್ನು ಕೆದಕಿ ನೀರು ಹೊಯ್ದಳು. ಅದು ಒಟ್ಟಿದ ಹುಲ್ಲಿನ ಕುತ್ತರಿಗೆ ಹತ್ತಿರವೇ ಇತ್ತು. ಹೊಯ್ದು, ಕೋಲಿನಲ್ಲಿ ಕಲಸಿ, ಮತ್ತೆ ಹೊಯ್ದು, ಕೈಯಿಟ್ಟು ನೋಡಿದಳು. ಆಮೇಲೆ ಅಲ್ಲೇ ಕೂತು ಅತ್ತಳು.

ಮರುದಿನ ಅಣ್ಣಯ್ಯ ತನ್ನ ಜೋಡಿಯಲ್ಲಿ ಒಳ್ಳೆಯದಾದ ಬೊಳ್ಳನನ್ನು ಹಿಡಿದುಕೊಂಡು ಹೋಗಿ ಸೂರನ ಕೊಟ್ಟಿಗೆಯಲ್ಲಿ ಕಟ್ಟಿದ. ಸರಕಾರದ ಕಡೆಯಿಂದ ಆಗಬೇಕಾದ ಶಿಕ್ಷೆಗೂ ತಕರಾರು ಮಾಡದೆ ಒಪ್ಪಿಕೊಂಡ. ಎತ್ತಿನ ಲೆಕ್ಕ ಅಲ್ಲಿಗೆ ಮುಗಿಯಿತು. ಕೈಯ ಲೆಕ್ಕ ಮುಗಿಯಲಿಲ್ಲ. ಸೂರನ ಬಲಗೈಯ ಬೆರಳುಗಳು ಒಳಕ್ಕೆ ಮಡಚಿಕೊಂಡು ನಿಂತವು. ಹಗ್ಗ ಹಿಡಿಯಲು ಆಮೇಲೆ ಆ ಕೈಗೆ ಆಗಲಿಲ್ಲ.

ಮುಂದಿನ ಬೇಸಗೆಗೆ ಇಬ್ಬರದೂ ಸೇರಿ ಒಂದೇ ಗಾಡಿ. ಹೊಡೆಯುವವನು ಅಣ್ಣಯ್ಯ, ಪಕ್ಕದಲ್ಲಿ ಕೂತು ಮಾತಾಡುವವನು ಸೂರ. ಶಿವರಾತ್ರಿಯ ಮೇಲಿನ ಮೊದಲ ಪಯಣದಲ್ಲಿ ದೂಪದಡಿಯಲ್ಲಿ ಗಾಡಿ ಬಿಟ್ಟು, ಸುಂದರಿಯ ಒಲೆಯಲ್ಲಿ ಅನ್ನ ಬೇಯಿಸಿ ಉಂಡರು. ಸುಟ್ಟ ಮರಗಳಲ್ಲಿ ಕೆಲವು ಚಿಗುರಿದ್ದವು, ಕೆಲವು ಚಿಗುರಿರಲಿಲ್ಲ. ಅನ್ನ ಬೇಯಿಸುವಾಗ ಒಲೆಯಿಂದ ಹೊರಗೆ ಎಳೆದಿದ್ದ ಕೊಳ್ಳಿ, ಕೆಂಡಗಳಿಗೆ ಅಣ್ಣಯ್ಯ ಕೊಡದಲ್ಲಿ ನೀರು ತಂದು ಹೊಯ್ದ. ಕಲಸಿದ. ಮತ್ತೆ ಹೊಯ್ದ. ಬಗ್ಗಿ, ಅಂಗೈ ಇಟ್ಟು ನೋಡಿದ.

ಸೂರ ತನ್ನ ಮಡಚಿದ ಕೈಯನ್ನು ಮುಂದೆ ಚಾಚಿ, ಅದರ ಬೆನ್ನನ್ನು ಒದ್ದೆ ಬೂದಿಗೆ ತಾಗಿಸಿ ನೋಡಿದ.

“ಸತ್ತಿತಾ?” ಎಂದ ಅಣ್ಣಯ್ಯ.

“ಸತ್ತಿತ್. ಬಾ, ಗಾಡಿ ಕಟ್ಟ್,” ಎಂದ ಸೂರ. ಹಳೆಯ ನಗೆಯಲ್ಲಿ ಒಂದಿಷ್ಟನ್ನು ಮುಖಕ್ಕೆ ತಂದುಕೊಂಡು, “ಒಲಿ ಕೊಂದವ ಅಂದೇಳಿ ಈಗ ಎಲ್ಲರ ಎದ್ರಿಗೂ ಹೇಳ್ತೆ ಕಾಣ್,” ಎಂದ.

“ಹೇಳ್,” ಎಂದ ಅಣ್ಣಯ್ಯ.

ಈ ಕಥೆ ಓದಿದ, ಕೇಳಿದ ಬಂಧುಗಳೇ, ಈಗ ಆ ದಾರಿಗಳಲ್ಲಿ ಎತ್ತಿನ ಗಾಡಿ ಇಲ್ಲ. ರಜೆ ಬಂದರೆ ವ್ಯಾನು ಮಾಡಿಕೊಂಡು, ಡೇರೆ ಕಟ್ಟಿಕೊಂಡು ಗುಡ್ಡದ ಬುಡಕ್ಕೆ, ಹೊಳೆಯ ದಡಕ್ಕೆ, ಕಡಲಂಚಿಗೆ ನೀವು ಹೋಗುತ್ತೀರಿ. ಸಂಜೆ ಆದೊಡನೆ ಕಟ್ಟಿಗೆ ರಾಶಿ ಹಾಕಿ ಬೆಂಕಿ ಹಚ್ಚುವ ಆಸೆಯಾಗುತ್ತದೆ. ಈಗ ಇಲ್ಲಿ ಬೆಂಕಿ ಹಾಕಬಾರದು ಎಂದು ಅಲ್ಲಿಯವರು ಹೇಳಿದರೆ, ಫಲಕ ಹಾಕಿದರೆ, ನಿಮ್ಮ ಖುಷಿ ಕೆಡಿಸಲು ಹಾಗೆ ಹೇಳಿದರು ಎಂದುಕೊಳ್ಳಬೇಡಿ. ಬೇಸಗೆಯ ನೆಲ ಮೇಲಿನಿಂದ ಕಂಡಷ್ಟೇ ಅಲ್ಲ, ಅಡಿಯಲ್ಲೂ ಉರಿಯಲು ಕಾದಿರುತ್ತದೆ. ಹಾಕಬಹುದು ಎಂದಲ್ಲಿ ಮಾತ್ರ, ಕಟ್ಟಿಕೊಟ್ಟ ಒಲೆಯಲ್ಲಿ ಮಾತ್ರ ಹಾಕಿ. ಹೊರಡುವಾಗ ಮಣ್ಣು ಮುಚ್ಚಿ ಕೈ ಕೊಡವಿಕೊಂಡು ಹೋಗಬೇಡಿ. ನೀರು ಹೊಯ್ಯಿರಿ, ಕಲಸಿ, ಮತ್ತೆ ಹೊಯ್ಯಿರಿ, ನಿಮ್ಮ ಕೈಯಿಂದಲೇ ಮುಟ್ಟಿ ನೋಡಿ. ನಿಮ್ಮ ಹಿಂದಿನಿಂದ ಬಂದು ಅದೇ ಜಾಗದಲ್ಲಿ ಮಲಗುವವನು ಯಾರ ಅಣ್ಣನೋ, ಯಾರ ಭಾವನೋ.

ಅಣ್ಣಯ್ಯ ಬದುಕಿರುವವರೆಗೆ ದೂಪದಡಿಯಲ್ಲಿ ಯಾರಿಗೂ ಕೆಂಡ ಬಿಟ್ಟು ಹೋಗಲಿಲ್ಲ. ಆ ಬೆಂಕಿ ಸಾಲ ತೀರದೆ ಹಾಗೆಯೇ ಉಳಿಯಿತು. ನಿಮ್ಮದೂ ತೀರದೆ ಉಳಿಯಲಿ.